ಹೊಗೆಯ ದಾರಿ

2025ರ ನವೆಂಬರ್ ತಿಂಗಳಿನಲ್ಲಿ, ರಾಜ್ಯೋತ್ಸವದ ಅಂಗವಾಗಿ, ಬೆಂಗಳೂರಿನ ವಿಜಯನಗರದ ಒಂದು ಪ್ರೌಢಶಾಲೆಯವರು ಚರ್ಚಾಸ್ಪರ್ಧೆಯನ್ನು ಏರ್ಪಡಿಸಿ ತೀರ್ಪುಗಾರನಾಗಿ ನನ್ನನ್ನು ಕರೆದರು. ನಿವೃತ್ತನಾದ ಮೇಷ್ಟರಿಗೆ ಇಂತಹ ಕರೆ ಬಂದರೆ ಎಷ್ಟು ಸಂತೋಷವಾಗುತ್ತದೆಂಬುದನ್ನು ಹೇಳಿಕೊಳ್ಳಲು ಸಂಕೋಚವಾಗುತ್ತದೆ. ಹಿಂದಿನ ದಿನವೇ ಅಂಗಿಗೆ ಇಸ್ತ್ರಿ ಮಾಡಿಸಿಟ್ಟು, ಬೆಳಿಗ್ಗೆ ಹೊತ್ತಿಗೆ ಮುಂಚೆಯೇ ಹೊರಟೆ. ಚರ್ಚೆಯ ವಿಷಯ, 'ಬೆಂಗಳೂರಿಗೆ ಸುರಂಗ ರಸ್ತೆ ಅಗತ್ಯವೇ?' ಎಂಬುದು.

ಆ ದಿನಗಳಲ್ಲಿ ಊರಿನ ತುಂಬ ಇದೇ ಮಾತು. ಹೆಬ್ಬಾಳದಿಂದ ರೇಷ್ಮೆ ಮಂಡಳಿಯ ಜಂಕ್ಷನ್ನಿನವರೆಗೆ, ಸುಮಾರು 17 ಕಿಲೋಮೀಟರುಗಳಷ್ಟು ಉದ್ದಕ್ಕೆ, ನೆಲದ ಕೆಳಗೆ ಜೋಡಿ ಸುರಂಗಗಳನ್ನು ಕೊರೆದು ಮೋಟಾರುಗಳಿಗೆ ದಾರಿ ಮಾಡುವ ಯೋಜನೆಯನ್ನು ಸರ್ಕಾರ ಮುಂದಿಟ್ಟಿತ್ತು. ವೆಚ್ಚ ಸುಮಾರು 17 ಸಾವಿರ ಕೋಟಿ ರೂಪಾಯಿ ಎಂದು ಪತ್ರಿಕೆಗಳು ಬರೆದವು. ಪೂರ್ವದ ಕೃಷ್ಣರಾಜಪುರದಿಂದ ನಮ್ಮ ಪಶ್ಚಿಮದ ನಾಯಂಡಹಳ್ಳಿಯವರೆಗೆ ಇನ್ನೊಂದು ಸುರಂಗದ ಪ್ರಸ್ತಾಪವೂ ಇದ್ದಿತು. ಲಾಲ್‌ಬಾಗಿನಲ್ಲಿ ಜನ ಸೇರಿ ವಿರೋಧಿಸಿದರು. ಅಲ್ಲಿನ ಬಂಡೆ ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದು. ಅದರ ಬಳಿ ಸುರಂಗ ಕೊರೆಯುವುದೆಂದರೆ ಸಣ್ಣ ಮಾತೇ ಎಂದು ಕೇಳಿದರು. ವಿವಾದ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು.

ಮಕ್ಕಳು ಚೆನ್ನಾಗಿಯೇ ಮಾತನಾಡಿದರು. ಪರವಾಗಿ ಮಾತನಾಡಿದ ಹುಡುಗ, ರಸ್ತೆ ಅಗಲಿಸಲು ಮೇಲೆ ಜಾಗವೆಲ್ಲಿದೆ, ಮನೆಗಳನ್ನು ಒಡೆಯುವುದಕ್ಕಿಂತ ನೆಲವನ್ನು ಕೊರೆಯುವುದು ಮೇಲಲ್ಲವೇ ಎಂದ. ವಿರೋಧವಾಗಿ ಮಾತನಾಡಿದವನು, ದ್ವಿಚಕ್ರ ವಾಹನಗಳಿಗೆ ಅಲ್ಲಿ ಪ್ರವೇಶವಿರುವುದಿಲ್ಲವೆಂಬ ವರದಿಯನ್ನು ಎತ್ತಿ, ಊರಿನ ಹೆಚ್ಚು ಪಾಲು ಜನಕ್ಕೆ ಉಪಯೋಗವಿಲ್ಲದ ದಾರಿಗೆ ಇಷ್ಟು ಹಣವೇ, ಮೂಗಿಗಿಂತ ಮೂಗುತಿ ಭಾರವಾಗಲಿಲ್ಲವೇ ಎಂದು ಚಪ್ಪಾಳೆ ಗಿಟ್ಟಿಸಿದ. ನಾನು ಇಬ್ಬರಿಗೂ ಸರಿಸಮನಾಗಿ ಅಂಕ ಕೊಟ್ಟೆ. ಹೀಗೆ ಮಾಡುವುದು ತೀರ್ಪುಗಾರರ ಹೇಡಿತನವೆಂದು ಬಲ್ಲೆ.

ಬಹುಮಾನ ಹಂಚಿಯಾದ ಮೇಲೆ ಪ್ರಶ್ನೆ ಕೇಳುವವರು ಕೇಳಬಹುದು ಎಂದರು. ಸ್ಪರ್ಧೆಯಲ್ಲಿ ಭಾಗವಹಿಸದೆ ಕೊನೆಯ ಸಾಲಿನಲ್ಲಿ ಕುಳಿತಿದ್ದ ಹುಡುಗಿಯೊಬ್ಬಳು ಎದ್ದು ನಿಂತಳು. "ಸರ್, ಸುರಂಗದ ಒಳಗಿನ ಹೊಗೆ ಎಲ್ಲಿಗೆ ಹೋಗುತ್ತದೆ?"

ಸಭೆಯಲ್ಲಿ ಒಂದಿಬ್ಬರು ನಕ್ಕರು. ನನಗೆ ಉತ್ತರ ತಿಳಿದಿರಲಿಲ್ಲ. "ಒಳ್ಳೆಯ ಪ್ರಶ್ನೆ, ತಿಳಿದುಕೊಂಡು ಬಂದು ಹೇಳುತ್ತೇನೆ ಕಣಮ್ಮ" ಎಂದೆ. ಮೂವತ್ತು ವರ್ಷಗಳ ಮೇಷ್ಟರ ವೃತ್ತಿಯಲ್ಲಿ ಈ ಮಾತನ್ನು ಎಷ್ಟೋ ಸಲ ಆಡಿದ್ದೇನೆ. ಮಾತಿಗೆ ತಕ್ಕಂತೆ ನಡೆದುಕೊಂಡದ್ದು ಕಡಮೆ. ಆದರೆ ಈ ಸಲ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅದೇ ಪ್ರಶ್ನೆಯನ್ನು ನಾನು ಹಿಂದೆ ಒಮ್ಮೆ ಕೇಳಿದ್ದೆ. ಅದು ನಮ್ಮ ಮನೆಯ ಮೇಲೆಯೇ ಬಂದ ಪ್ರಶ್ನೆಯಾಗಿತ್ತು.

1974ರಲ್ಲಿ ನಾನೂ ನಿಮ್ಮಂತೆ ಒಂಬತ್ತನೆಯ ತರಗತಿಯಲ್ಲಿದ್ದೆ. ರಾಜಾಜಿನಗರದ ಒಂದು ವಠಾರದಲ್ಲಿ ನಮ್ಮ ವಾಸ. ಆರು ಮನೆ, ಒಂದು ನಲ್ಲಿ, ನಡುವೆ ಒಂದು ಕಿರಿದಾದ ಓಣಿ. ಉತ್ತರದ ಕಡೆಯಿಂದ ಗಾಳಿ ಬಂದರೆ ಗಂಧದ ಸಾಬೂನಿನ ಕಾರ್ಖಾನೆಯ ಪರಿಮಳ ಒಮ್ಮೊಮ್ಮೆ ನಮ್ಮ ಓಣಿಯವರೆಗೂ ತೇಲಿಬರುತ್ತಿತ್ತು. ಅದಕ್ಕೆ ಯಾರೂ ದೂರು ಕೊಡುತ್ತಿರಲಿಲ್ಲವೆನ್ನಿ. ನಮ್ಮ ಮನೆಯಲ್ಲಿ ಅಡುಗೆಗೆ ಸೀಮೆಎಣ್ಣೆಯ ಒಲೆ. ಸ್ನಾನದ ನೀರಿಗೆ ಮಾತ್ರ ಬಚ್ಚಲಿನಲ್ಲಿ ತಾಮ್ರದ ಹಂಡೆ, ಅದರ ಕೆಳಗೆ ಸೌದೆಯ ಒಲೆ. ಸೌದೆ ಡಿಪೋದಿಂದ ತಂದ ಕಟ್ಟಿಗೆ ಮುಕ್ಕಾಲುಪಾಲು ಹಸಿಯೇ ಇರುತ್ತಿತ್ತು. ಅಮ್ಮ ಊದುಕೊಳವೆ ಹಿಡಿದು ಊದಿ ಊದಿ ಕಣ್ಣು ಕೆಂಪಗೆ ಮಾಡಿಕೊಂಡು, ಸೆರಗಿನಿಂದ ಮೂಗು ಮುಚ್ಚಿಕೊಂಡು ಹೊರಗೆ ಬರುತ್ತಿದ್ದಳು. ಬಚ್ಚಲಿಗೆ ಗವಾಕ್ಷಿ ಇರಲಿಲ್ಲ. ಹೊಗೆ ಅಡುಗೆಮನೆಗೆ, ಅಲ್ಲಿಂದ ನಡುಮನೆಗೆ ನುಗ್ಗುತ್ತಿತ್ತು. ದೇವರ ಪಟಗಳೆಲ್ಲ ಒಂದೇ ಬಣ್ಣಕ್ಕೆ ತಿರುಗಿದ್ದವು.

ಆ ವರ್ಷದ ಆಷಾಢದಲ್ಲಿ ಅಣ್ಣ (ತಂದೆಯನ್ನು ನಾವು ಹಾಗೆಯೇ ಕರೆಯುತ್ತಿದ್ದುದು) ತಗಡಿನ ಕೆಲಸದವನನ್ನು ಕರೆಸಿ, ಬಚ್ಚಲಿನ ಪಶ್ಚಿಮದ ಗೋಡೆಗೆ ತೂತು ಹೊಡೆಸಿ, ಒಂದು ಕೊಳವೆಯನ್ನು ಹಾಕಿಸಿದರು. ಒಲೆಯ ಮೇಲಿಂದ ಹೊರಟು ಗೋಡೆಯಾಚೆ ಎರಡು ಅಡಿ ಚಾಚಿಕೊಂಡಿತ್ತು. ಏನು ಅದ್ಭುತ! ಮನೆಯೊಳಗೆ ಹೊಗೆಯೇ ಇಲ್ಲ. ಅಮ್ಮ ದೇವರ ಪಟಗಳನ್ನು ಒರೆಸಿ ಹೊಸದಾಗಿ ಕುಂಕುಮ ಇಟ್ಟಳು. ಬಂದವರಿಗೆಲ್ಲ ಅಣ್ಣ ಆ ಕೊಳವೆಯನ್ನು ತೋರಿಸುತ್ತಿದ್ದರು.

ಪಶ್ಚಿಮಕ್ಕೆ ನಾಲ್ಕು ಗಜ ದೂರದಲ್ಲಿ ಪಕ್ಕದ ಮನೆಯ ಕಿಟಕಿ ಇತ್ತು. ಆಷಾಢ, ಶ್ರಾವಣಗಳಲ್ಲಿ ಬೆಂಗಳೂರಿಗೆ ಪಡುವಣ ಗಾಳಿ. ಕೊಳವೆಯಿಂದ ಹೊರಟ ಹೊಗೆ ನಮ್ಮ ಹೆಂಚಿನ ಮೇಲೆಯೇ ಹಿಂದಿರುಗಿ ಮೂಡಲಿಗೆ ಹಾರಿಹೋಗುತ್ತಿತ್ತು. ಆದ್ದರಿಂದ ನಾಲ್ಕು ತಿಂಗಳು ಯಾರ ತಕರಾರೂ ಇಲ್ಲ. ದೀಪಾವಳಿ ಕಳೆಯಿತು, ಗಾಳಿ ತಿರುಗಿತು. ಮೂಡಣ ಗಾಳಿ ಬೀಸತೊಡಗಿದ ಮೇಲೆ ಪಕ್ಕದ ಮನೆಯವರು ಒಣಹಾಕಿದ ಬಟ್ಟೆಗೆ ಮಸಿ ಹಿಡಿಯಿತು. ಮಾರ್ಗಶಿರದ ಚಳಿಯಲ್ಲಿ ಗಾಳಿಯೂ ನಿಂತುಬಿಡುತ್ತಿತ್ತು. ಆಗ ಹೊಗೆ ಮೇಲಕ್ಕೆ ಏಳದೆ ಓಣಿಯಲ್ಲಿಯೇ ಚಾಪೆಯಂತೆ ಹಾಸಿಕೊಂಡು ಮಲಗುತ್ತಿತ್ತು. ಚಳಿಗಾಲವಾದ್ದರಿಂದ ಬಿಸಿನೀರೂ ಹೆಚ್ಚು ಬೇಕು, ಬೆಂಕಿಯೂ ಹೆಚ್ಚು.

ಪಕ್ಕದ ಮನೆಯ ಅತ್ತೆ ಒಂದು ದಿನ ಬಂದು, "ನಿಮ್ಮ ಕೊಳವೆಯನ್ನು ಸ್ವಲ್ಪ ಆ ಕಡೆಗೆ ತಿರುಗಿಸಲಾಗುವುದೇನೋ ನೋಡಿ. ಮಗುವಿಗೆ ಮೊದಲೇ ಉಬ್ಬಸ" ಎಂದರು. ಅಣ್ಣ ಸಾಧುಸ್ವಭಾವದವರೇ, ಆದರೆ ತಮ್ಮ ಕೊಳವೆಯನ್ನು ಬೈದರೆ ಅವರಿಗೆ ತಮ್ಮನ್ನೇ ಬೈದಂತೆ. "ನಮ್ಮ ಗೋಡೆ, ನಮ್ಮ ಕೊಳವೆ, ಹೊರಗಿನ ಗಾಳಿ ಎಲ್ಲರದು" ಎಂದುಬಿಟ್ಟರು. ಆ ಮಾತಿನಲ್ಲಿದ್ದ ತಪ್ಪು ನನಗೂ ಆಗ ಹೊಳೆಯಲಿಲ್ಲ. ಎರಡು ಮನೆಗೂ ಮಾತು ನಿಂತಿತು. ನಲ್ಲಿಯ ಮುಂದೆ ಕೊಡಗಳು ಮಾತ್ರ ಒಂದರ ಪಕ್ಕ ಒಂದು ಕುಳಿತಿರುತ್ತಿದ್ದವು.

ಪುಷ್ಯಮಾಸದ ಒಂದು ಬೆಳಗಿನ ಜಾವ ಅತ್ತೆ ನಮ್ಮ ಬಾಗಿಲು ಬಡಿದರು. ಮಗುವಿಗೆ ಉಸಿರು ಹಿಡಿದುಕೊಂಡಿತ್ತು. ನಾಲ್ಕು ವರ್ಷದ ಹುಡುಗಿ. ಎದೆಗೂಡು ತಿದಿಯಂತೆ ಏಳುತ್ತಿತ್ತು, ಬೀಳುತ್ತಿತ್ತು, ತುಟಿ ನೀಲಿ. ಅವರ ಯಜಮಾನರು ರಾತ್ರಿ ಪಾಳಿಗೆ ಹೋಗಿದ್ದರು. ಅಣ್ಣ ಮಗುವನ್ನು ಹೊದಿಕೆಯಲ್ಲಿ ಸುತ್ತಿ ಎತ್ತಿಕೊಂಡು, ಬರಿಗಾಲಿನಲ್ಲಿಯೇ ಮುಖ್ಯರಸ್ತೆಗೆ ಓಡಿ, ಆಟೋ ಹಿಡಿದು ಆಸ್ಪತ್ರೆಗೆ ಸೇರಿಸಿದರು. ಮಗು ಉಳಿಯಿತು. ನಿಮ್ಮ ಕೊಳವೆಯಿಂದಲೇ ಹೀಗಾಯಿತೆಂದು ವೈದ್ಯರು ಹೇಳಲಿಲ್ಲ. ಅತ್ತೆಯೂ ಆ ಮಾತೆತ್ತಲಿಲ್ಲ. ಇದ್ದ ಉಬ್ಬಸವನ್ನು ಹೊಗೆ ಕೆರಳಿಸುತ್ತದೆಂದು ಮಾತ್ರ ವೈದ್ಯರು ಹೇಳಿದರಂತೆ. ಮನೆಗೆ ಬಂದವರೇ ಅಣ್ಣ ಒಂದು ಗೋಣಿಚೀಲವನ್ನು ಸುರುಳಿ ಮಾಡಿ ಕೊಳವೆಯ ಬಾಯಿಗೆ ತುರುಕಿದರು. ಮರುದಿನದಿಂದ ಹೊಗೆ ಮತ್ತೆ ನಮ್ಮ ನಡುಮನೆಗೆ, ಅಮ್ಮನ ಕಣ್ಣಿಗೆ ಬಂದಿತು.

ಆ ಹುಡುಗಿಯ ಪ್ರಶ್ನೆಯಿಂದಾಗಿ ನಾನು ಓದತೊಡಗಿದಾಗ, ನಮ್ಮ ಬಚ್ಚಲಿನ ಕಥೆಯೇ ದೊಡ್ಡ ಅಕ್ಷರಗಳಲ್ಲಿ ಎದುರಿಗೆ ಬಂದು ನಿಂತಂತಾಯಿತು.

1924ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ನಗರದಲ್ಲಿ ಲಿಬರ್ಟಿ ಎಂಬ ಹೆಸರಿನ ಮೋಟಾರು ಸುರಂಗವನ್ನು, ಗಾಳಿಯ ಯಂತ್ರಗಳನ್ನು ಜೋಡಿಸಿ ಮುಗಿಸುವ ಮೊದಲೇ, ಸಂಚಾರಕ್ಕೆ ತೆರೆದರು. ವಾಹನಗಳು ಓಡುತ್ತಿರುವಾಗ ಅಷ್ಟೇನೂ ತೊಂದರೆಯಿರಲಿಲ್ಲ. ಕೊಳವೆಯಲ್ಲಿ ಕೊಂತವನ್ನು ದೂಡಿದರೆ ಮುಂದಿನ ಗಾಳಿ ಹೊರಕ್ಕೆ ಹೋಗುವುದಲ್ಲವೇ? ಹಾಗೆಯೇ ಒಂದೇ ದಿಕ್ಕಿನಲ್ಲಿ ಓಡುವ ಮೋಟಾರುಗಳು ತಮ್ಮ ಮುಂದಿನ ಗಾಳಿಯನ್ನು ತಾವೇ ದೂಡಿಕೊಂಡು ಹೋಗುತ್ತವೆ. ಅದೇ ವರ್ಷದ ಮೇ ತಿಂಗಳಿನಲ್ಲಿ ಟ್ರಾಮ್ ನೌಕರರ ಮುಷ್ಕರವಾಯಿತು. ಎಲ್ಲರೂ ಮೋಟಾರು ತೆಗೆದುಕೊಂಡು ಹೊರಟರು; ಸುರಂಗದೊಳಗೆ ಸಾಲು ನಿಂತುಹೋಯಿತು. ದೂಡುವ ಗಾಳಿ ನಿಂತಿತು, ಇಂಜಿನುಗಳು ಮಾತ್ರ ನಿಲ್ಲಲಿಲ್ಲ. ಜನ ಎಚ್ಚರ ತಪ್ಪಿ ಬಿದ್ದರು. ಅವರನ್ನು ಹೊರಗೆ ಎಳೆದುತರಬೇಕಾಯಿತು. ಸುರಂಗಕ್ಕೆ ಗಾಳಿ ಹೆಚ್ಚು ಬೇಕಾಗುವುದು ವಾಹನಗಳು ನಿಂತಾಗ. ತಾನಾಗಿ ಗಾಳಿ ಬಾರದಿರುವುದೂ ಆಗಲೇ. ಬೆಂಗಳೂರಿನ ರಸ್ತೆಗಳನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಅಂದು ಅವರನ್ನು ಕೆಡವಿದ್ದು ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದಲ್ಲಿ ಆಮ್ಲಜನಕ ಕುಳಿತುಕೊಳ್ಳಬೇಕಾದ ಜಾಗದಲ್ಲಿ ತಾನು ಹೋಗಿ ಕುಳಿತು ಸುಲಭವಾಗಿ ಏಳುವುದಿಲ್ಲ. ಅದೇ ಕಾಲದಲ್ಲಿ ನ್ಯೂಯಾರ್ಕಿನ ಹಡ್ಸನ್ ನದಿಯ ಕೆಳಗೆ ಹಾಲೆಂಡ್ ಸುರಂಗವನ್ನು ಕೊರೆಯುತ್ತಿದ್ದರು. ಅಲ್ಲಿಯವರು ಹೆಚ್ಚು ಎಚ್ಚರವಹಿಸಿದರು. ಮನುಷ್ಯ ಎಷ್ಟು ವಿಷವನ್ನು ಸಹಿಸಬಲ್ಲನೆಂದು ತಿಳಿಯಲು ಯೇಲ್ ವಿಶ್ವವಿದ್ಯಾನಿಲಯದಲ್ಲಿ, ಒಪ್ಪಿ ಮುಂದೆ ಬಂದವರನ್ನು ಮುಚ್ಚಿದ ಕೋಣೆಯಲ್ಲಿ ಕೂರಿಸಿ ಪರೀಕ್ಷಿಸಿದರು. ಹತ್ತು ಸಾವಿರ ಪಾಲು ಗಾಳಿಯಲ್ಲಿ ನಾಲ್ಕು ಪಾಲಿಗಿಂತ ಹೆಚ್ಚು ಆ ಅನಿಲ ಇರಬಾರದೆಂದು ನಿಶ್ಚಯಿಸಿದರು. ಇಂದಿನ ನಿಯಮಗಳು ಇದಕ್ಕಿಂತ ಬಹಳ ಬಿಗಿಯಾಗಿವೆ. ರಸ್ತೆಯ ಕೆಳಗೊಂದು ನಾಳದಿಂದ ಶುದ್ಧವಾಯು ಒಳಕ್ಕೆ, ಚಾವಣಿಯ ಮೇಲೊಂದು ನಾಳದಿಂದ ಕೆಟ್ಟ ಗಾಳಿ ಹೊರಕ್ಕೆ. ಇದಕ್ಕಾಗಿ ನದಿಯ ಎರಡೂ ದಡಗಳಲ್ಲಿ ನಾಲ್ಕು ಕಟ್ಟಡಗಳು, ಅವುಗಳಲ್ಲಿ 84 ಬೀಸಣಿಗೆಗಳು. ಒಂದೂವರೆ ನಿಮಿಷಕ್ಕೊಮ್ಮೆ ಸುರಂಗದ ಗಾಳಿ ಪೂರ್ತಿಯಾಗಿ ಬದಲಾಗುವಂತೆ ಮಾಡಿದರು. 1927ರ ನವೆಂಬರ್ 13ರಂದು ಆ ಸುರಂಗ ತೆರೆಯಿತು. ಇಂದಿಗೂ ಅದರಲ್ಲಿ ವಾಹನಗಳು ಓಡುತ್ತಿವೆ. ನಮ್ಮ ದೇಶದಲ್ಲಿಯೂ ಹಿಮಾಚಲದ ರೋಹ್ತಾಂಗ್ ಕಣಿವೆಯ ಕೆಳಗೆ 2020ರಲ್ಲಿ ತೆರೆದ 9 ಕಿಲೋಮೀಟರಿನ ಅಟಲ್ ಸುರಂಗವಿದೆ. ಆದುದರಿಂದ ಸುರಂಗದೊಳಗಿನ ಜನಕ್ಕೆ ಉಸಿರು ಕೊಡುವುದು ಇಂಜಿನಿಯರುಗಳಿಗೆ ತಿಳಿಯದ ವಿದ್ಯೆಯೇನಲ್ಲ.

ಆದರೆ ಹುಡುಗಿ ಕೇಳಿದ್ದು ಒಳಗಿನ ಜನರನ್ನಲ್ಲ, ಹೊಗೆಯನ್ನು. ಒಳಗಿನಿಂದ ಎಳೆದ ಗಾಳಿ ಮಾಯವಾಗುವುದಿಲ್ಲ. ಅದು ಸುರಂಗದ ಬಾಯಿಯಿಂದ ಹೊರಬೀಳಬೇಕು, ಇಲ್ಲವೇ ನಡುನಡುವೆ ನಿಲ್ಲಿಸಿದ ಚಿಮಣಿಗಳಿಂದ ಮೇಲಕ್ಕೆ ಹೋಗಬೇಕು. ರಸ್ತೆ ಮೇಲಿದ್ದರೆ ಹದಿನೇಳು ಕಿಲೋಮೀಟರು ಉದ್ದಕ್ಕೂ ಚೆದುರಿಹೋಗುವ ಹೊಗೆ, ಸುರಂಗವಾದರೆ ಕೆಲವೇ ಬಾಯಿಗಳಲ್ಲಿ ಹೊರಗೆ ಬರುತ್ತದೆ. ಹಿಮಾಲಯದಲ್ಲಿ ಆ ಬಾಯಿಯ ಮುಂದೆ ಬಂಡೆಯೂ ಹಿಮವೂ ಇವೆ, ಬೆಂಗಳೂರಿನಲ್ಲಿ ಮನೆಗಳಿವೆ.

ಆಸ್ಟ್ರೇಲಿಯದ ಸಿಡ್ನಿಯಲ್ಲಿ ನಡೆದದ್ದು ಇದೇ ಜಗಳ. ಅಲ್ಲಿ ಎಂ5 ಈಸ್ಟ್ ಎಂಬ 4 ಕಿಲೋಮೀಟರಿನ ಜೋಡಿ ಸುರಂಗ 2001ರ ಡಿಸೆಂಬರಿನಲ್ಲಿ ತೆರೆಯಿತು. ಅದರ ಹೊಗೆಗೆಲ್ಲ ಟರೆಲ್ಲ ಎಂಬ ಬಡಾವಣೆಯಲ್ಲಿ ಒಂದೇ ಒಂದು ಚಿಮಣಿ, ಸೋಸುವ ಏರ್ಪಾಡಿಲ್ಲ. ಕಣ್ಣು ಉರಿ, ಗಂಟಲು ಕೆರೆತವೆಂದು ಸುತ್ತಲಿನ ಜನ ವರ್ಷಗಟ್ಟಲೆ ದೂರಿದರು. ಸುರಂಗದೊಳಗೂ ಸಂಚಾರ ನಿಧಾನವಾದಾಗ ಮಬ್ಬು ಕವಿಯುತ್ತಿತ್ತು. ಕಾರಿನ ಕಿಟಕಿ ಮುಚ್ಚಿಕೊಳ್ಳಿರೆಂದು ಫಲಕ ಹಾಕಬೇಕಾಯಿತು. ಎತ್ತರದ ಚಿಮಣಿಯಿಂದ ಹೊರಟ ಹೊಗೆ ಗಾಳಿಯಲ್ಲಿ ಬೆರೆತು ತೆಳುವಾಗುತ್ತದೆ, ನೆಲ ಮುಟ್ಟುವಾಗ ಉಳಿಯುವುದು ಬಹಳ ಸ್ವಲ್ಪ ಎಂಬುದು ಅಧಿಕಾರಿಗಳ ವಾದ. ಅದೂ ಸುಳ್ಳೆನ್ನುವಂತಿಲ್ಲ. ನಾರ್ವೆಯ ಲಾರ್ಡಾಲ್‌ನಲ್ಲಿ 2000ದಲ್ಲಿ ತೆರೆದ 24.5 ಕಿಲೋಮೀಟರಿನ ಸುರಂಗಕ್ಕೆ ಧೂಳನ್ನೂ ನೈಟ್ರೋಜನ್ ಡೈಆಕ್ಸೈಡನ್ನೂ ಹಿಡಿಯುವ ಯಂತ್ರವನ್ನು ಒಳಗೇ ಕೂರಿಸಿದರು. ಜಪಾನಿನವರು ಇನ್ನೂ ಮುಂಚೆಯೇ ವಿದ್ಯುತ್ತಿನ ಬಲದಿಂದ ಧೂಳನ್ನು ಸೆಳೆದು ಹಿಡಿಯುವ ಸೋಸುಗಳನ್ನು ಹಾಕಿದ್ದರು. ಇದೇ ಉಪಾಯವನ್ನು ಸಿಡ್ನಿಯಲ್ಲಿಯೂ ಮುಂದೆ ಪರೀಕ್ಷಿಸಿ, ವೆಚ್ಚಕ್ಕೆ ತಕ್ಕ ಫಲವಿಲ್ಲವೆಂದು ಕೈಬಿಟ್ಟರು. ಯಾರು ಸರಿ ಎಂದು ದೂರದಲ್ಲಿ ಕುಳಿತು ತೀರ್ಪು ಕೊಡಲಾರೆ. ನನಗೆ ಮುಖ್ಯವಾಗಿ ತೋರಿದ್ದು ಬೇರೆ. ಚಿಮಣಿಯ ಪಕ್ಕದವರು ಆ ಸುರಂಗದಲ್ಲಿ ಹೋಗುವವರೇ ಆಗಿರಬೇಕಿಲ್ಲ. ನಮ್ಮ ಹಂಡೆಯ ಬಿಸಿನೀರಿನಲ್ಲಿ ಪಕ್ಕದ ಮನೆಯ ಮಗು ಸ್ನಾನ ಮಾಡುತ್ತಿರಲಿಲ್ಲವಷ್ಟೆ.

ಹೊಗೆ ಮೊದಲಿನಂತಿಲ್ಲವೆಂಬುದು ನಿಜ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಓಕಳೀಪುರದ ರೈಲುಸೇತುವೆಯ ಕೆಳಗೆ ಬಸ್ಸು ನಿಂತರೆ, ಆಟೋಗಳ ನೀಲಿ ಹೊಗೆಯಿಂದ ಎದುರಿನ ಬಸ್ಸಿನ ಹಲಗೆಯೇ ಕಾಣುತ್ತಿರಲಿಲ್ಲ. 2000ದಲ್ಲಿ ದೇಶದಾದ್ಯಂತ ಪೆಟ್ರೋಲಿನಿಂದ ಸೀಸವನ್ನು ತೆಗೆದರು. 2020ರಿಂದ ಹೊಸ ವಾಹನಗಳಿಗೆ ಬಿಎಸ್-6 ಎಂಬ ಬಿಗಿಯಾದ ನಿಯಮ ಬಂದಿತು. ಈಗ ಕಣ್ಣಿಗೆ ಕಾಣುವ ಹೊಗೆ ಕಡಮೆ. ಆದರೆ ತಲೆಗೂದಲಿನ ದಪ್ಪದ ಸುಮಾರು ಮೂವತ್ತರಲ್ಲೊಂದು ಪಾಲಿನ, 2.5 ಮೈಕ್ರೋಮೀಟರಿಗಿಂತಲೂ ಸಣ್ಣ ಕಣಗಳು ಕಣ್ಣಿಗೆ ಕಾಣದೆ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಒಂದು ಘನ ಮೀಟರು ಗಾಳಿಯಲ್ಲಿ ಇವುಗಳ ವಾರ್ಷಿಕ ಸರಾಸರಿ 40 ಮೈಕ್ರೋಗ್ರಾಮನ್ನು ಮೀರಬಾರದೆಂದು ನಮ್ಮ ದೇಶದ ನಿಯಮ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 5. ವಿದ್ಯುತ್ ವಾಹನಗಳು ಹೊಗೆ ಉಗುಳುವುದಿಲ್ಲವಾದರೂ ಟೈರು ಸವೆದ ಧೂಳು, ಬ್ರೇಕಿನ ಧೂಳು ಅವಕ್ಕೂ ತಪ್ಪಿದ್ದಲ್ಲ.

ವಿಜಯನಗರದಿಂದ ಮೆಟ್ರೊ ರೈಲು ಹತ್ತಿದರೆ, ಮಾಗಡಿ ರಸ್ತೆಯ ನಿಲ್ದಾಣ ದಾಟಿದ ಮೇಲೆ ಅದು ನೆಲದೊಳಕ್ಕೆ ಇಳಿಯುತ್ತದೆ. 2016ರಿಂದ ಈ ಸುರಂಗದಲ್ಲಿ ಎಷ್ಟೋ ಸಲ ಹೋಗಿದ್ದೇನೆ. ಒಂದೊಂದು ರೈಲಿನಲ್ಲಿಯೂ ನೂರಾರು ಜನ, ಇಂಜಿನಿನ ಹೊಗೆಯಿಲ್ಲ. ಸುರಂಗವೆಂದ ಮಾತ್ರಕ್ಕೆ ಕೆಟ್ಟದ್ದೆಂದು ಹೇಳುವವನು ನಾನಲ್ಲ.

ನಮ್ಮ ವಠಾರದ ಜಗಳ ಹೇಗೆ ಮುಗಿಯಿತೆಂದು ಹೇಳುವುದನ್ನು ಮರೆತೆ. ದಾರಿ ತೋರಿಸಿದವರು ಅತ್ತೆಯೇ. "ಎರಡು ಮನೆಗೆ ಎರಡು ಬೆಂಕಿ ಏತಕ್ಕೆ? ನಮ್ಮದೂ ಹೊಗೆಯೇ ತಾನೆ. ನಿಮ್ಮ ಹಂಡೆ ದೊಡ್ಡದು, ಅದರಲ್ಲಿಯೇ ಇಬ್ಬರಿಗೂ ನೀರು ಕಾಯಲಿ, ಸೌದೆಯಲ್ಲಿ ಅರ್ಧ ನಾವು ಕೊಡುತ್ತೇವೆ" ಎಂದರು. ಅಣ್ಣ ಮೂರು ತಿಂಗಳ ಸೌದೆಯನ್ನು ಮುಂಚೆಯೇ ತರಿಸಿ ಬಿಸಿಲಿನಲ್ಲಿ ಒಣಗಿಸಿದರು. ಕೊಳವೆಯನ್ನು ಬಿಚ್ಚಿಸಿ, ಈ ಸಲ ಸೂರಿಗಿಂತ ಐದಡಿ ಮೇಲಕ್ಕೆ ಎತ್ತಿ ನಿಲ್ಲಿಸಿದರು. ಎಲ್ಲಿ ನಿಲ್ಲಿಸಬೇಕೆಂದು ಗೊತ್ತುಮಾಡುವ ಮೊದಲು ಆರು ಮನೆಯವರನ್ನೂ ಕರೆದು ಕೇಳಿದರು. ಆಗಲೂ ಹೊಗೆ ಇಲ್ಲದೆ ಹೋಗಲಿಲ್ಲ. ತಕರಾರು ಮಾತ್ರ ಇಲ್ಲವಾಯಿತು.

ಡಿಸೆಂಬರಿನಲ್ಲಿ ಮತ್ತೆ ಆ ಶಾಲೆಗೆ ಹೋಗಿ ತಿಳಿದುಕೊಂಡದ್ದನ್ನೆಲ್ಲ ಹೇಳಿದೆ. ಹುಡುಗಿಯ ಮನೆ ನಾಯಂಡಹಳ್ಳಿಯಲ್ಲಿ. "ಹಾಗಾದರೆ ಆ ಚಿಮಣಿ ಎಲ್ಲಿ ಬರುತ್ತದೆ ಸರ್? ಕಟ್ಟುವ ಮೊದಲೇ ನಮಗೆ ಹೇಳುತ್ತಾರೆಯೇ?" ಎಂದು ಕೇಳಿದಳು. ಹೇಳಬೇಕು, ಹೇಳದಿದ್ದರೆ ಕೇಳಬೇಕು ಎಂದೆ. ಈಗಿನ ಗಾಳಿ ಹೇಗಿದೆಯೆಂದು ತಿಳಿಯದೆ ಮುಂದೆ ಕೆಟ್ಟಿತೋ ಇಲ್ಲವೋ ಹೇಳುವುದು ಹೇಗೆ? ಮಾಲಿನ್ಯ ನಿಯಂತ್ರಣ ಮಂಡಳಿಯ ಮಾಪಕಗಳು ನಮ್ಮ ಬಸವೇಶ್ವರನಗರದ ಪಕ್ಕದ ಸಾಣೆಗುರುವನಹಳ್ಳಿಯಲ್ಲಿಯೂ ಮೈಸೂರು ರಸ್ತೆಯ ಕಡೆಯ ಬಾಪೂಜಿನಗರದಲ್ಲಿಯೂ ಇವೆ, ಅವುಗಳ ಅಂಕಿಗಳನ್ನು ಯಾರು ಬೇಕಾದರೂ ನೋಡಬಹುದು, ದಿನವೂ ಬರೆದಿಡು ಎಂದು ಹೇಳಿ ಬಂದೆ. ಮಕ್ಕಳಿಗೆ ಹೇಳಿದ ಇಂತಹ ಕೆಲಸಗಳು ಎರಡು ವಾರ ನಡೆದರೆ ಹೆಚ್ಚು.

ಸಂಕ್ರಾಂತಿ ಕಳೆದ ಮೇಲೆ ಆ ಕಡೆ ಹೋದಾಗ ಅವಳು ನೋಟುಪುಸ್ತಕವನ್ನು ತಂದು ಮುಂದಿಟ್ಟಳು. ಒಂದು ದಿನವೂ ಬಿಟ್ಟಿರಲಿಲ್ಲ. ತಾರೀಖು, ಗಾಳಿಯ ದಿಕ್ಕು, ಬಾಪೂಜಿನಗರದ ಅಂಕಿ, ಹೀಗೆ ಗೆರೆ ಎಳೆದು ಬರೆದಿದ್ದಳು. ನಾಲ್ಕನೆಯ ಸಾಲಿನಲ್ಲಿ ಎರಡು, ಸೊನ್ನೆ, ಮೂರು, ಒಂದು ಎಂದು ಅಂಕಿಗಳಿದ್ದವು, ಮೇಲೆ ತಲೆಬರಹವಿರಲಿಲ್ಲ.

"ಇದೇನಮ್ಮ?" ಎಂದೆ.

"ನನ್ನ ತಮ್ಮ ರಾತ್ರಿ ಕೆಮ್ಮಿಕೊಂಡು ಎಷ್ಟು ಸಲ ಎದ್ದ ಅಂತ ಸರ್" ಎಂದಳು.

ಪುಸ್ತಕವನ್ನು ಅವಳಿಗೆ ಹಿಂದಿರುಗಿಸಿ, ಆಷಾಢದಲ್ಲಿ ಗಾಳಿ ತಿರುಗುವವರೆಗೂ ಬರೆಯುವುದನ್ನು ನಿಲ್ಲಿಸಬೇಡವೆಂದು ಹೇಳಿದೆ.